ಶಿಪ್ಪಿಂಗ್

ಕಥೆಯ ಎರಡು ಪಾತ್ರಗಳು ಜೋಡಿಯಾಗಲೇಬೇಕು ಎಂದು ಓದುಗರು ಪಟ್ಟು ಹಿಡಿಯುವುದಕ್ಕೆ ಶಿಪ್ಪಿಂಗ್ ಎಂದು ಹೆಸರು. ಇದು ರಿಲೇಶನ್‌ಶಿಪ್ ಪದದ ಬಾಲ. 1990ರ ದಶಕದಲ್ಲಿ ‘ದಿ ಎಕ್ಸ್-ಫೈಲ್ಸ್’ ಟಿವಿ ಸರಣಿಯ ಮಲ್ಡರ್, ಸ್ಕಲಿ ಒಂದಾಗಲಿ ಎಂದವರು ರಿಲೇಶನ್‌ಶಿಪ್ಪರ್‌ಗಳು ಅನ್ನಿಸಿಕೊಂಡರು. ಅದೇ ಸವೆದು ಶಿಪ್ಪರ್ ಆಯಿತು. ಹಡಗಿಗೂ ಇದಕ್ಕೂ ನಂಟಿಲ್ಲದಿದ್ದರೂ, ಬಯಸಿದ ಜೋಡಿ ಕೈತಪ್ಪಿದಾಗ ‘ಶಿಪ್ ಮುಳುಗಿತು’ ಎನ್ನುವ ರೂಢಿ ಬೆಳೆದಿದೆ. ಜಪಾನಿನ ಮಾಂಗಾ (ಅಲ್ಲಿನ ಕಾಮಿಕ್ಸ್) ಓದುಗರು ಇದಕ್ಕೆ ಕಪ್ಪುರಿಂಗು ಎನ್ನುತ್ತಾರೆ, ಚಿಕ್ಕದಾಗಿ ಕಪು.

ಜೋಡಿಗೆ ಹೆಸರಿಡಲು ಸಾಮಾನ್ಯವಾಗಿ ಒಬ್ಬೊಬ್ಬರ ಹೆಸರಿನಿಂದ ಎರಡೆರಡು ಅಕ್ಷರ ತೆಗೆದು ಅಂಟಿಸಿದರಾಯಿತು. ಮಸಾಶಿ ಕಿಶಿಮೊಟೊ ಅವರ ‘ನರುಟೊ’ ಮಾಂಗಾದಲ್ಲಿ ನಾಯಕ ನರುಟೊ ಮತ್ತು ಹಿನಾಟ ಸೇರಿ ನರುಹಿನಾ, ನರುಟೊ ಮತ್ತು ಸಕುರಾ ಸೇರಿ ನರುಸಕು. ವರ್ಷಗಟ್ಟಲೆ ನಡೆದ ಈ ಎರಡು ಬಣಗಳ ಜಟಾಪಟಿಯಲ್ಲಿ ಶಿಪ್ಪಿಂಗಿನ ಪಟ್ಟುಗಳೆಲ್ಲ ಸಿಗುತ್ತವೆ.

ಮೊದಲ ಪಟ್ಟು ಸಾಕ್ಷ್ಯದ್ದು. 437ನೇ ಅಧ್ಯಾಯದಲ್ಲಿ ಖಳ ಪೇನ್ ಎದುರು ಪ್ರಾಣ ಒತ್ತೆಯಿಟ್ಟು ನಿಂತ ಹಿನಾಟ, ನರುಟೊನಿಗೆ ‘ದೈಸುಕಿ’ ಎನ್ನುತ್ತಾಳೆ. ಸುಕಿ ನಮ್ಮ ‘ಇಷ್ಟ’ದ ಹಾಗೆ ಸಡಿಲ ಪದ: ದೋಸೆಯೂ ಇಷ್ಟ, ನೀನೂ ಇಷ್ಟ. ‘ದೈ’ ಸೇರಿದರೆ ತುಂಬಾ ಇಷ್ಟ, ಅಷ್ಟೇ; ಅದನ್ನು ಪ್ರೇಮ ನಿವೇದನೆಯಾಗಿಸುವುದು ಅವಳು ನಿಂತ ಜಾಗ. ನರುಸಕು ಬಣದ ಮರುಪ್ರಶ್ನೆ ಒಂದೇ: ನರುಟೊ ಅದಕ್ಕೆ ಉತ್ತರ ಕೊಟ್ಟನೇ? 469ರಲ್ಲಿ ಸಕುರಾಳೂ ಪ್ರೀತಿ ಹೇಳಿಕೊಳ್ಳುತ್ತಾಳೆ, ಆದರೆ ಅವನು ಊರು ಬಿಟ್ಟುಹೋದ ಗೆಳೆಯ ಸಸುಕೆಯ ಬೆನ್ನು ಬಿಡಲಿ ಎಂಬ ಲೆಕ್ಕಾಚಾರದಿಂದ. ನರುಟೊ ಅದನ್ನು ನಂಬುವುದಿಲ್ಲ. ಸಾಯುವ ಹೊತ್ತಲ್ಲಿ ನರುಟೊನ ತಾಯಿ ಕುಶಿನಾ ಮಗನಿಗೆ ಅಮ್ಮನಂಥವಳನ್ನು ಹುಡುಕಿಕೋ ಎಂದದ್ದಂತೂ ನರುಸಕು ಬಣಕ್ಕೆ ಬ್ರಹ್ಮಾಸ್ತ್ರ; ಕುಶಿನಾಳ ಸಿಡುಕು, ಗುದ್ದು ಎರಡೂ ಸಕುರಾಳಲ್ಲಿವೆಯಲ್ಲ!

ವಾದ ಹಳಿ ತಪ್ಪುವುದು ಇಲ್ಲೇ. ‘ಯಾರು ಜೋಡಿಯಾಗುತ್ತಾರೆ’ ಎನ್ನುವುದು ಊಹೆ, ‘ಯಾರು ಆಗಬೇಕು’ ಎನ್ನುವುದು ಆಸೆ. ಆಸೆಯನ್ನು ಊಹೆಯ ವೇಷದಲ್ಲಿ ತಂದವರು ಪ್ರತಿ ವಾರದ ಅಧ್ಯಾಯವನ್ನೂ ಪುರಾವೆಯಾಗಿ ಓದುತ್ತಾರೆ. ಕೊನೆಗೆ ಲೆಕ್ಕ ತಪ್ಪಿದಾಗ ಲೇಖಕ ಮೋಸ ಮಾಡಿದ ಎನ್ನಿಸುತ್ತದೆ.

2014ರ ನವೆಂಬರ್ 10ರಂದು 699 ಮತ್ತು 700ನೇ ಅಧ್ಯಾಯಗಳು ಒಟ್ಟಿಗೆ ಬಂದವು. 700ರಲ್ಲಿ ನರುಟೊ, ಹಿನಾಟರಿಗೆ ಬೊರುಟೊ, ಹಿಮಾವರಿ ಎಂಬ ಮಕ್ಕಳು. ಸಕುರಾ, ಸಸುಕೆಗೆ ಸರದಾ. ಮೂಲ ಕಥೆಯಲ್ಲೇ ನಿಜವಾದ ಇಂಥ ಜೋಡಿಗೆ ಕ್ಯಾನನ್ ಎನ್ನುತ್ತಾರೆ. ಆದರೆ ಪ್ರೀತಿ ಹುಟ್ಟಿದ್ದು ಹೇಗೆಂದು ಮಾಂಗಾ ತೋರಿಸಿರಲಿಲ್ಲ, ನೇರ ಮಕ್ಕಳನ್ನೇ ತೋರಿಸಿತ್ತು. ಆ ಕಂದಕ ತುಂಬಿದ್ದು ಡಿಸೆಂಬರ್ 6ರಂದು ತೆರೆಕಂಡ ‘ದಿ ಲಾಸ್ಟ್’ ಚಲನಚಿತ್ರ. ಸೋತ ಬಣದ ದೂರಿನಲ್ಲಿ ಈ ಒಂದು ಅಂಶ ನ್ಯಾಯವಾದದ್ದೇ.

ಕ್ಯಾನನ್ ಆದರೂ ಅಭಿಮಾನಿಗಳ ಚಿತ್ರ, ಕಥೆ ನಿಲ್ಲುವುದಿಲ್ಲ. ಅಲ್ಲಿ ಹೊಸಬರು ಎಡವುವುದು ಹೆಸರಿನ ಕ್ರಮದಲ್ಲಿ. ಗಂಡು-ಗಂಡು ಜೋಡಿಗಳಿಗೆ ಜಪಾನಿನಲ್ಲಿ ಮೊದಲು ಬರುವ ಹೆಸರು ಮುಂದಾಗುವವನದು, ಅವನು ಸೆಮೆ, ಎರಡನೆಯವನು ಉಕೆ. ಹಾಗಾಗಿ ನರುಸಸು, ಸಸುನರು ಎರಡು ಬೇರೆ ಶಿಪ್‌ಗಳು. ಒಂದರ ಚಿತ್ರಕ್ಕೆ ಇನ್ನೊಂದರ ಟ್ಯಾಗ್ ಹಾಕಿದರೆ, ಜೋಡಿ ಅದೇ ಆದರೂ ಎರಡೂ ಕಡೆಯವರಿಂದ ಬೈಸಿಕೊಳ್ಳಬೇಕಾಗುತ್ತದೆ.