ಲಾರಿ ಪಕ್ಕ ನಿಂತು ಓದುವ ಮೇಲ್

ಪೀಣ್ಯದ ಸಣ್ಣ ಕಾರ್ಖಾನೆಗಳ ಆಫೀಸಿನವರಿಗೆ ಪತ್ರ ವ್ಯವಹಾರ ಹೇಳಿಕೊಡುವುದು ನನ್ನ ಕೆಲಸ. ಪಾಠಕ್ಕೆ ಮೊದಲು ಒಂದು ಮಾತು ಹೇಳುತ್ತೇನೆ: ನಿನ್ನೆ ನೀವೇ ಕಳಿಸಿದ ಇಮೇಲನ್ನು ಫೋನಿನಲ್ಲಿ ತೆಗೆದು ಓದಿ, ಅದೂ ನಿಂತುಕೊಂಡು. ಅರ್ಧ ಜನ ಅಲ್ಲೇ ನಕ್ಕುಬಿಡುತ್ತಾರೆ.

ಹೋದ ತಿಂಗಳು ಬಿಲ್ಲಿಂಗ್ ಹುಡುಗನೊಬ್ಬ ತೋರಿಸಿದ ಇಮೇಲಿನ ಸಬ್ಜೆಕ್ಟ್ ಹೀಗಿತ್ತು: "ನಮ್ಮ ಹಿಂದಿನ ಪತ್ರ ಮತ್ತು ದೂರವಾಣಿ ಮಾತುಕತೆಗೆ ಸಂಬಂಧಿಸಿದಂತೆ". ಫೋನಿನಲ್ಲಿ ಕಂಡಿದ್ದು "ನಮ್ಮ ಹಿಂದಿನ ಪತ್ರ ಮತ್ತು ದೂರವಾ..." ಅಷ್ಟೇ. ಕೆಳಗೆ ಬೂದು ಬಣ್ಣದಲ್ಲಿ ಮೊದಲ ಸಾಲು: "ಮಾನ್ಯರೇ, ತಾವು ಕ್ಷೇಮವೆಂದು ಭಾವಿಸುತ್ತೇವೆ". ಗಿರಾಕಿ ಆಗ ಗೇಟಿನ ಹತ್ತಿರ ಲಾರಿಯಿಂದ ಮಾಲು ಇಳಿಸಿಕೊಳ್ಳುತ್ತಿದ್ದರಂತೆ. ಆಮೇಲೆ ನೋಡೋಣ ಅಂತ ಬಿಟ್ಟರು. ಹಣ ಕೇಳಿದ್ದು ಮೂರನೇ ಪ್ಯಾರಾದಲ್ಲಿ!

ಇಬ್ಬರೂ ಕೂತು ತಿದ್ದಿದೆವು. ಸಬ್ಜೆಕ್ಟ್: "ಬಿಲ್ 214: ₹48,600 ಬಾಕಿ". ಮೊದಲ ಸಾಲು: "ಸರ್, ಈ ಹಣವನ್ನು ಜೂನ್ 12ರೊಳಗೆ ಹಾಕಿಸಿಕೊಡಿ. ಬಿಲ್ ಜೊತೆಗಿದೆ". ಮೇಲ್ ತೆರೆಯದೇ ಇದ್ದರೂ ವಿಷಯ ತಲುಪಿತು. 12/6 ಅಂತ ಬರೆಯಬೇಡಿ ಅಂದೆ. ಹೊರದೇಶದ ಗಿರಾಕಿಗಳೂ ಇದ್ದಾರೆ, ಅಮೆರಿಕದವರಿಗೆ ಅದು ಡಿಸೆಂಬರ್ 6.

"ಮೇಡಂ, ಒರಟಾಗಲ್ವಾ?" ಅಂದ. ನನಗೆ ಹಾಗನ್ನಿಸುವುದಿಲ್ಲ. "ಹಾಕಿಸಿ" ಅಂದರೆ ಅಪ್ಪಣೆ, "ಹಾಕಿಸಿಕೊಡಿ" ಅಂದರೆ ಕೇಳಿಕೊಂಡ ಹಾಗೆ. ಆ "ಕೊಡಿ"ಯಲ್ಲೇ ಮರ್ಯಾದೆ ಕೂತಿದೆ. ಕ್ಷೇಮ ಸಮಾಚಾರ ಬೇಕೇ ಬೇಕಾದರೆ ಕೊನೆಗೆ ಬರಲಿ, ಯಾರು ಬೇಡ ಅಂದರು?

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಪೇಚಿದೆ. ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ ಪತ್ರವನ್ನು ಹಾಗೇ ಮೇಲಿಗೆ ಅಂಟಿಸುತ್ತಾರೆ. ಆಫೀಸಿನ ಕಂಪ್ಯೂಟರಿನಲ್ಲಿ ಚೆನ್ನಾಗಿ ಕಾಣುತ್ತದೆ. ಗಿರಾಕಿಯ ಫೋನಿನಲ್ಲಿ ಆ ಫಾಂಟ್ ಇರುವುದಿಲ್ಲ, ಕೊಂಬು ಬಂದ ಇಂಗ್ಲಿಷ್ ಅಕ್ಷರಗಳ ಸಂತೆ ಕಾಣುತ್ತದೆ. ಫೋನಿನಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡಿನಲ್ಲೇ ಬರೆಯಿರಿ. ಹಳೇ ಫಾಂಟಿನಲ್ಲಿ ಆಗಲೇ ಬರೆದಾಗಿದ್ದರೆ ಪಿಡಿಎಫ್ ಮಾಡಿ ಕಳಿಸಿ.

ಅಟ್ಯಾಚ್‌ಮೆಂಟಿಗೆ "ಸ್ಕ್ಯಾನ್ 0007" ಅಂತ ಹೆಸರಿದ್ದರೆ ಆರು ತಿಂಗಳ ಮೇಲೆ ನಿಮಗೇ ಸಿಗುವುದಿಲ್ಲ. ಬಿಲ್ ನಂಬರೇ ಹೆಸರಾಗಲಿ. ಜಿಮೇಲಿನಲ್ಲಿ 25 ಎಂಬಿವರೆಗೆ ಕಳಿಸಬಹುದು, ನಿಜ. ಹಾಗಂತ ಒಂದು ಪುಟದ ಬಿಲ್ಲನ್ನು ಹತ್ತು ಎಂಬಿಯ ಫೋಟೋ ಮಾಡಿ ಕಳಿಸಬೇಕಾ? ಹನ್ನೆರಡು ಕಾಲಮ್ಮಿನ ಎಕ್ಸೆಲ್ ಶೀಟಂತೂ ಫೋನಿನಲ್ಲಿ ಎಳೆದಾಡಿಯೇ ಸುಸ್ತು. ಶೀಟ್ ಇರಲಿ, ಆದರೆ ಕೊನೆಯ ಮೊತ್ತವನ್ನು ಮೇಲಿನಲ್ಲೇ ಬರೆದುಬಿಡಿ.

ಒಂದೇ ಮೇಲಿನಲ್ಲಿ ಎರಡು ಪ್ರಶ್ನೆ ಕೇಳಬೇಡಿ. ಹೊಸ ರೇಟು ಒಪ್ಪಿಗೆಯಾ, ಮಾಲು ಸೋಮವಾರ ಕಳಿಸಲಾ ಅಂತ ಒಟ್ಟಿಗೆ ಕೇಳಿದರೆ, ಲಾರಿ ಪಕ್ಕ ನಿಂತವರು ಹೆಬ್ಬೆರಳಲ್ಲಿ "ಓಕೆ" ಅಂತ ಒತ್ತಿ ಫೋನನ್ನು ಜೇಬಿಗೆ ಹಾಕುತ್ತಾರೆ. ಆ ಓಕೆ ಯಾವುದಕ್ಕೆ ಅಂತ ಕೇಳೋಕೆ ನೀವು ಮತ್ತೆ ಫೋನ್ ಮಾಡಬೇಕು.