ಹರ್ಕ್ಯುಲಿಸ್‌ನ ಭುಜ ಯಾಕೆ ಸೋತಿತು?

ಭುಜ ಹಿಡಿದುಕೊಂಡು ನನ್ನ ಹತ್ತಿರ ಫಿಸಿಯೋಥೆರಪಿಗೆ ಬರುವ ಹುಡುಗರಲ್ಲಿ ಒಳ್ಳೇ ಮೈಕಟ್ಟಿನವರೂ ಇರುತ್ತಾರೆ. "ಇಷ್ಟು ದಪ್ಪ ಭುಜ ಇದ್ದೂ ಕೀಲು ಹೇಗೆ ತಪ್ಪಿತು ಸರ್?" ಅಂತ ಕೇಳುತ್ತಾರೆ. ಅವರಿಗೆ ನಾನು ಸ್ಟೀವ್ ರೀವ್ಸ್ ಕಥೆ ಹೇಳುತ್ತೇನೆ.

ರೀವ್ಸ್ ಅಮೆರಿಕದ ದೇಹದಾರ್ಢ್ಯ ಪಟು, ಆಮೇಲೆ ನಟ. 1947ರಲ್ಲಿ ಮಿಸ್ಟರ್ ಅಮೆರಿಕ, 1950ರಲ್ಲಿ ಮಿಸ್ಟರ್ ಯೂನಿವರ್ಸ್. ಹಾಗಂತ ಸಿನಿಮಾ ಸುಲಭವಾಗಿ ಸಿಗಲಿಲ್ಲ. ಹಾಲಿವುಡ್ ನಿರ್ದೇಶಕ ಸೆಸಿಲ್ ಬಿ. ಡಿಮಿಲ್ ರೀವ್ಸ್ ಅವರನ್ನು ಬೈಬಲ್‌ನ ಬಲಶಾಲಿ ಸ್ಯಾಮ್ಸನ್ ಪಾತ್ರಕ್ಕೆ ನೋಡಿದ್ದರು, ತೂಕ ಇಳಿಸು ಅಂದಿದ್ದರು, ಕೊನೆಗೆ ಪಾತ್ರ ನಟ ವಿಕ್ಟರ್ ಮೆಚೂರ್ ಪಾಲಾಯಿತು. ಕೈಹಿಡಿದದ್ದು ಇಟಲಿ. 1958ರಲ್ಲಿ ಅಲ್ಲಿ ಬಂದ, ಅವರೇ ನಾಯಕನಾಗಿದ್ದ 'ಹರ್ಕ್ಯುಲಿಸ್' ಮರುವರ್ಷ ಅಮೆರಿಕದಲ್ಲೂ ಭರ್ಜರಿಯಾಗಿ ಓಡಿತು. ಮಾತಿಗೆ ಬೇರೆಯವರ ದನಿ ಕೊಟ್ಟಿದ್ದರು. ಜನ ಬಂದದ್ದು ಆ ಮೈ ನೋಡೋಕೆ.

ಜ್ವಾಲಾಮುಖಿಯಿಂದ ನಾಶವಾದ ಪೊಂಪೇ ನಗರದ ಕೊನೆಯ ದಿನಗಳ ಮೇಲಿನ ಸಿನಿಮಾ ಮಾಡುವಾಗ ಅವರ ರಥ ಮರಕ್ಕೆ ಬಡಿದು ಭುಜದ ಕೀಲು ತಪ್ಪಿತು. ಅದೇ ಸಿನಿಮಾದಲ್ಲಿ ಈಜುವ ದೃಶ್ಯದಲ್ಲಿ ಪೆಟ್ಟು ಇನ್ನಷ್ಟು ಜಾಸ್ತಿಯಾಯಿತು.

ಶಾಲೆಯಲ್ಲಿ ಚಮಚ-ನಿಂಬೆಹಣ್ಣು ಓಟ ಓಡಿದ್ದೀರಿ ಅಲ್ವಾ? ಭುಜದ ಕೀಲು ಹೆಚ್ಚುಕಮ್ಮಿ ಹಾಗೇ ಇದೆ. ತೋಳಿನ ಮೂಳೆಯ ಗುಂಡು ತಲೆ ದೊಡ್ಡದು, ಅದು ಕೂರುವ ಗುಳಿ ಚಿಕ್ಕದು. ಕೈ ಎಲ್ಲ ಕಡೆ ತಿರುಗುವುದು ಇದರಿಂದಲೇ, ಜಾರುವುದೂ ಇದರಿಂದಲೇ. ಆ ಗುಂಡನ್ನು ಗುಳಿಯಲ್ಲಿ ಹಿಡಿದಿಡುವ ಕೆಲಸದಲ್ಲಿ ದೊಡ್ಡ ಪಾಲು ಒಳಗಿನ ನಾಲ್ಕು ಪುಟ್ಟ ಸ್ನಾಯುಗಳದ್ದು. ರೊಟೇಟರ್ ಕಫ್ ಅನ್ನುತ್ತೇವೆ. ಇವು ಕನ್ನಡಿಯಲ್ಲಿ ಕಾಣುವುದಿಲ್ಲ, ಅದಕ್ಕೇ ಇವಕ್ಕೆ ಯಾರೂ ಕಸರತ್ತು ಮಾಡಿಸುವುದಿಲ್ಲ. ಮಲಗಿ ಭಾರ ಎತ್ತುವ ಬೆಂಚ್ ಪ್ರೆಸ್‌ನಲ್ಲಿ ಭಾರ ಒಂದೇ ದಾರಿಯಲ್ಲಿ, ನಮ್ಮ ಹಿಡಿತದಲ್ಲಿ ಹೋಗಿಬರುತ್ತದೆ. ರಥ ಬಡಿದಾಗ ಏಟು ಯಾವ ಕಡೆಯಿಂದ ಬರುತ್ತೋ ಗೊತ್ತಾಗುವುದಿಲ್ಲ, ಎದೆ ಎಷ್ಟು ಅಗಲ ಇದ್ದರೂ ಅಷ್ಟೇ.

ಒಮ್ಮೆ ಜಾರಿದಾಗ ಗುಳಿಯ ಅಂಚು ಹರಿದಿರಬಹುದು. ಅದು ಸರಿಹೋಗದೆ ಮತ್ತೆ ಹಾರಾಟಕ್ಕೆ ಇಳಿದರೆ ಮತ್ತೆ ಜಾರುತ್ತದೆ. ರೀವ್ಸ್ ನಿಲ್ಲಲಿಲ್ಲ. ಸಿನಿಮಾಗಳಲ್ಲಿ ಕಡಲ್ಗಳ್ಳನಾದರು, ಬಾಗ್ದಾದಿನ ಕಳ್ಳನಾದರು, ಸಾಹಸ ಕಾದಂಬರಿಗಳ ನಾಯಕ ಸಂಡೊಕಾನ್ ಆದರು, ಭುಜ ಮಾತ್ರ ಹದಗೆಡುತ್ತಲೇ ಹೋಯಿತು. 1968ರಲ್ಲಿ ಕೊನೆಯ ಸಿನಿಮಾ ಬಂತು. ಆಗ ಅವರಿಗೆ ಇನ್ನೂ 42. ಆಮೇಲೆ ಕ್ಯಾಲಿಫೋರ್ನಿಯಾದಲ್ಲಿ ಕುದುರೆ ಸಾಕಿಕೊಂಡು ಇದ್ದರು. ಓದುವಾಗಲೆಲ್ಲ ನನಗೆ ಸಂಕಟವಾಗುತ್ತದೆ.

ನಿಮ್ಮ ಭುಜ ತಪ್ಪಿದರೆ ಜಿಮ್ ಗೆಳೆಯನ ಕೈಲಿ ದಯವಿಟ್ಟು ಎಳೆಸಿಕೊಳ್ಳಬೇಡಿ! ಮೂಳೆ ಮುರಿದಿರಬಹುದು, ನರಕ್ಕೆ ಪೆಟ್ಟಾಗಬಹುದು. ಬಟ್ಟೆಯಲ್ಲಿ ಕೈ ಕಟ್ಟಿಕೊಂಡು ಆಸ್ಪತ್ರೆಗೆ ಹೋಗಿ, ಎಕ್ಸ್‌ರೇ ತೆಗೆಸಿ. ಭುಜ ಚೆನ್ನಾಗಿರುವವರು ಇವತ್ತೇ ಒಂದು ಕಸರತ್ತಿನ ರಬ್ಬರ್ ಬ್ಯಾಂಡ್ ತನ್ನಿ. ಮೊಣಕೈ ಮತ್ತು ಪಕ್ಕೆಯ ನಡುವೆ ಮಡಚಿದ ಟವೆಲ್ ಇಟ್ಟು, ಬ್ಯಾಂಡ್ ಹಿಡಿದ ಮುಂಗೈಯನ್ನು ನಿಧಾನವಾಗಿ ಹೊರಕ್ಕೆ ತಿರುಗಿಸಿ. ಟವೆಲ್ ಬಿತ್ತು ಅಂದರೆ ಬ್ಯಾಂಡ್ ಬಿಗಿ ಜಾಸ್ತಿ, ಹಗುರದ್ದು ತಗೊಳ್ಳಿ.