ಹೊಣೆಗಾರಿಕೆ ವಿನಾಯಿತಿ: ಪುಕ್ಕಟೆ ನೋಡುವ ಡಾಕ್ಟರಿಗೆ ಕಾನೂನಿನ ಆಸರೆ ಎಷ್ಟು?

ಕಲಘಟಗಿ ಕಡೆಗೋ ಶಿರಹಟ್ಟಿ ಕಡೆಗೋ ಉಚಿತ ಆರೋಗ್ಯ ಶಿಬಿರ ಇಟ್ಟುಕೊಂಡವರು ಹುಬ್ಬಳ್ಳಿ-ಧಾರವಾಡದ ನಿವೃತ್ತ ವೈದ್ಯರನ್ನು ಕರೆಯಲು ಹೋದರೆ ಕೇಳಿಬರುವ ಮಾತು: "ಬರ್ತೀನ್ರಿ, ರೊಕ್ಕ ಬ್ಯಾಡ. ಆದ್ರ ಏನರ ಹೆಚ್ಚು-ಕಡಿಮಿ ಆದ್ರ ಕೋರ್ಟಿಗೆ ಅಡ್ಡಾಡೋರು ಯಾರು?" ಕೇಳುವುದರಲ್ಲಿ ತಪ್ಪೇನೂ ಇಲ್ಲ. ಹಣ ಪಡೆಯದೆ ಸೇವೆ ಮಾಡಿದವರಿಂದ ಸಾಮಾನ್ಯ ಅಚಾತುರ್ಯವಾದಾಗ ಪರಿಹಾರದ ಭಾರ ಅವರ ತಲೆಗೆ ಬೀಳದಂತೆ ಕಾನೂನು ತಡೆಯುವುದಕ್ಕೆ ಹೊಣೆಗಾರಿಕೆ ವಿನಾಯಿತಿ ಎನ್ನುತ್ತಾರೆ.

ಅಮೆರಿಕದಲ್ಲಿ ಇದಕ್ಕೆಂದೇ ಕಾನೂನುಗಳಿವೆ. 1997ರ ಸ್ವಯಂಸೇವಕರ ರಕ್ಷಣಾ ಕಾಯ್ದೆ ಅದರಲ್ಲೊಂದು. ಅಲ್ಲಿನ ಉಚಿತ ಕ್ಲಿನಿಕ್‌ಗಳ ಸ್ವಯಂಸೇವಕ ವೈದ್ಯರನ್ನು, ಅರ್ಜಿ ಒಪ್ಪಿಗೆಯಾದ ಮೇಲೆ, ಫೆಡರಲ್ ಸರ್ಕಾರದ ನೌಕರರೆಂದೇ ಎಣಿಸುವ ಏರ್ಪಾಡೂ ಇದೆ. ಆಗ ದಾವೆ ನಡೆಯುವುದು ಸರ್ಕಾರದ ಮೇಲೆ, ಡಾಕ್ಟರ ಮೇಲಲ್ಲ.

ನಮ್ಮಲ್ಲಿ ನಿವೃತ್ತ ವೈದ್ಯರ ಸೇವೆಗೆಂದೇ ಅಂಥ ಕೇಂದ್ರ ಕಾಯ್ದೆ ಇಲ್ಲ. ಇರುವುದು ಚೂರುಚೂರು ಆಸರೆ. ಅದರಲ್ಲಿ ದೊಡ್ಡ ಚೂರು ಗ್ರಾಹಕ ಕಾನೂನಿನದು. 1995ರ ವಿ.ಪಿ. ಶಾಂತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಎಲ್ಲರಿಗೂ ಉಚಿತವಾಗಿ ಕೊಡುವ ಚಿಕಿತ್ಸೆ ಗ್ರಾಹಕ ಕಾಯ್ದೆಯ 'ಸೇವೆ' ಅಲ್ಲ ಎಂದಿತು. ಚೀಟಿ ಮಾಡಿಸಲು ಮಾತ್ರ ನಾಲ್ಕು ಕಾಸು ತೆಗೆದುಕೊಂಡರೂ ಇದು ಬದಲಾಗದು. 2019ರ ಹೊಸ ಕಾಯ್ದೆಯೂ ಉಚಿತ ಸೇವೆಯನ್ನು ಹೊರಗಿಟ್ಟಿದೆ. ಆದರೆ ಅದೇ ತೀರ್ಪಿನ ಇನ್ನೊಂದು ಮಗ್ಗುಲನ್ನು ಶಿಬಿರದವರು ಗಮನಿಸುವುದಿಲ್ಲ: ಉಳ್ಳವರಿಂದ ಹಣ ಪಡೆದು ಬಡವರನ್ನು ಪುಕ್ಕಟೆ ನೋಡುವ ಆಸ್ಪತ್ರೆಯಾದರೆ ಆ ಬಡ ರೋಗಿಯೂ ಗ್ರಾಹಕನೇ. ಹಾಗಾಗಿ ಮಠದ ಅಂಗಳದಲ್ಲಿ ಕೂತು ಎಲ್ಲರನ್ನೂ ಪುಕ್ಕಟೆ ನೋಡುವುದಕ್ಕೂ, ಫೀಸು ಪಡೆಯುವ ನರ್ಸಿಂಗ್ ಹೋಮಿನಲ್ಲಿ ವಾರಕ್ಕೊಂದು ದಿನ ಧರ್ಮಾರ್ಥ ಕೂರುವುದಕ್ಕೂ ಬಹಳ ಅಂತರವಿದೆ.

ಇನ್ನು, ಗ್ರಾಹಕ ಆಯೋಗದ ಬಾಗಿಲು ಮುಚ್ಚಿದರೆ ಸಿವಿಲ್ ಕೋರ್ಟಿನದು ಮುಚ್ಚುವುದಿಲ್ಲ. ಫೀಸು ಇಲ್ಲವೆಂದು ಎಚ್ಚರಿಕೆಯ ಮಟ್ಟ ಇಳಿಯುವುದೂ ಇಲ್ಲ. ನನಗೆ ಇದು ಸರಿಯೆಂದೇ ತೋರುತ್ತದೆ. ಬಡವನ ಜೀವಕ್ಕೆ ಕಡಿಮೆ ಜಾಗ್ರತೆ ಸಾಕು ಎನ್ನಲು ಬರುತ್ತದೆಯೇ?

ಜೈಲಿನ ಭಯ ಮಾತ್ರ ಇರುವುದಕ್ಕಿಂತ ಹೆಚ್ಚಾಗಿ ಬೆಳೆದಿದೆ. 2005ರ ಜೇಕಬ್ ಮ್ಯಾಥ್ಯೂ ತೀರ್ಪಿನ ಪ್ರಕಾರ ಕ್ರಿಮಿನಲ್ ಹೊಣೆಗೆ ಘೋರ ನಿರ್ಲಕ್ಷ್ಯವೇ ಬೇಕು. ತನಿಖಾಧಿಕಾರಿ ಮುಂದುವರಿಯುವ ಮೊದಲು ಬೇರೆ ತಜ್ಞ ವೈದ್ಯರ ಅಭಿಪ್ರಾಯ ಪಡೆಯಬೇಕು; ಆರೋಪ ಬಂತೆಂದೊಡನೆ ಬಂಧಿಸುವಂತಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಲ್ಲಿ ನಿರ್ಲಕ್ಷ್ಯದ ಸಾವಿಗೆ ಐದು ವರ್ಷದವರೆಗೆ ಶಿಕ್ಷೆ. ಚಿಕಿತ್ಸೆಯ ವೇಳೆ ಆದುದಕ್ಕೆ ನೋಂದಾಯಿತ ವೈದ್ಯರಿಗೆ ಎರಡು ವರ್ಷದವರೆಗೆ. 'ನೋಂದಾಯಿತ' ಎಂಬುದನ್ನು ಗಮನಿಸಿ: ನಿವೃತ್ತಿಯಾಯಿತೆಂದು ವೈದ್ಯಕೀಯ ಪರಿಷತ್ತಿನ ನೋಂದಣಿ ನವೀಕರಿಸದೆ ಬಿಟ್ಟವರು ಸ್ಟೆತಾಸ್ಕೋಪ್ ಹಿಡಿಯುವ ಮೊದಲು ಅದನ್ನು ಸರಿಮಾಡಿಕೊಳ್ಳಬೇಕು.

ಅಪಘಾತದ ಗಾಯಾಳುವಿಗೆ ನೆರವಾದವರನ್ನು ಕಾಯುವ 'ಜೀವರಕ್ಷಕ' ಕಾನೂನನ್ನು ಹಲವರು ಇಲ್ಲಿಗೂ ಎಳೆತರುತ್ತಾರೆ. ಅದು ತುರ್ತು ನೆರವಿಗೆ. ಮೊದಲೇ ದಿನ ಗೊತ್ತುಮಾಡಿ ಬಿಪಿ, ಶುಗರ್ ನೋಡುವ ಶಿಬಿರಕ್ಕಲ್ಲ.

ಉಳಿದದ್ದು ವೃತ್ತಿ ವಿಮೆ, ಅಂದರೆ ಪರಿಹಾರ ಕೊಡಬೇಕಾಗಿ ಬಂದಾಗ ಡಾಕ್ಟರ ಪರವಾಗಿ ವಿಮಾ ಕಂಪನಿ ಹಣ ತುಂಬುವ ಇಂಡೆಮ್ನಿಟಿ ಪಾಲಿಸಿ. ನೌಕರಿಯಲ್ಲಿದ್ದಾಗ ಸಂಸ್ಥೆ ಹೊತ್ತ ಹೊಣೆ ನಿವೃತ್ತಿಯ ನಂತರದ ಸೇವೆಗೆ ಬರುವುದಿಲ್ಲ. ಪೆಂಡಾಲಿಗೆ, ಊಟಕ್ಕೆ, ಹಾರ-ಶಾಲಿಗೆ ಖರ್ಚು ಮಾಡುವ ಸಂಘಟಕರು ಡಾಕ್ಟರ ಪ್ರೀಮಿಯಮ್ಮನ್ನೂ ಆ ಲೆಕ್ಕಕ್ಕೇ ಸೇರಿಸಬೇಕು.